ಹೊಡೆದಾಡಿದವರು ಬೇರೆ, ಸಹಿ ಹಾಕಿದವರು ಬೇರೆ: ಗಾಜಾ ಮಾತುಕತೆಯ ಕತಾರ್–ಈಜಿಪ್ಟ್ ಜೋಡಿ

2025ರ ಅಕ್ಟೋಬರ್ 13ರಂದು ಈಜಿಪ್ಟಿನ ಶರ್ಮ್ ಎಲ್ ಶೇಖ್ ಎಂಬ ಕಡಲ ದಂಡೆಯ ಊರಲ್ಲಿ ನಾಲ್ಕು ಜನ ಒಂದು ಕಾಗದಕ್ಕೆ ಸಹಿ ಹಾಕಿದರು. ಅಮೆರಿಕದ ಟ್ರಂಪ್, ಈಜಿಪ್ಟಿನ ಸಿಸಿ, ಕತಾರಿನ ದೊರೆ ಶೇಖ್ ತಮೀಮ್, ಟರ್ಕಿಯ ಎರ್ಡೋಗನ್. ಗಾಜಾದ ಯುದ್ಧ ನಿಂತಿತು ಎಂದು ಸಾರುವ ಕಾಗದ ಅದು. ಆದರೆ ಯುದ್ಧ ಮಾಡಿದ ಇಸ್ರೇಲ್ ಅಲ್ಲಿರಲಿಲ್ಲ. ಗಾಜಾವನ್ನು ಆಳುತ್ತಿದ್ದ ಹಮಾಸ್ ಕೂಡ ಇರಲಿಲ್ಲ.

ಸುದ್ದಿ ಓದಿದವರಿಗೆ ಗೊಂದಲವಾಗಿದ್ದು ಇಲ್ಲೇ. ನಮ್ಮ ಕಡೆ ಹೊಲದ ಬದುವಿನ ಜಗಳ ರಾಜಿಯಾದರೆ ಮೊದಲು ಸಹಿ ಹಾಕುವವರು ಜಗಳವಾಡಿದ ಅಣ್ಣತಮ್ಮಂದಿರು. ಪಂಚರ ಸಹಿ ಏನಿದ್ದರೂ ಕೆಳಗೆ, ಸಾಕ್ಷಿಯ ಜಾಗದಲ್ಲಿ. ಇಲ್ಲಿ ಸಾಕ್ಷಿಗಳೇ ಸಹಿ ಹಾಕಿ, ಫೋಟೊ ತೆಗೆಸಿಕೊಂಡು ಹೋದರು. ಅದರಲ್ಲೂ ಕತಾರ್ ಮತ್ತು ಈಜಿಪ್ಟ್ 2023ರಿಂದ ಪ್ರತಿ ಸುದ್ದಿಯಲ್ಲೂ ಜೋಡಿಯಾಗಿಯೇ ಬರುತ್ತಿವೆ. ಇವರನ್ನು ಕರೆದವರು ಯಾರು? ಇವರಿಗೇನು ಲಾಭ? ಹುಬ್ಬಳ್ಳಿ, ಹಾವೇರಿ, ಗದಗಿಗೆ ಇದರಿಂದ ಏನಾದರೂ ತಟ್ಟುತ್ತದೆಯೇ?

ಆ ಕಾಗದದಲ್ಲಿ ಇದ್ದದ್ದೇನು

ಮೊದಲು ಒಂದು ಗಂಟು ಬಿಡಿಸೋಣ. ಇಸ್ರೇಲ್ ಮತ್ತು ಹಮಾಸ್ ಒಪ್ಪಿದ್ದು ಅದಕ್ಕೂ ಮೊದಲೇ. ಅಕ್ಟೋಬರ್ 6ರಿಂದ ಅದೇ ಊರಲ್ಲಿ ಮಾತುಕತೆ ನಡೆದು, 9ರ ಹೊತ್ತಿಗೆ ಮೊದಲ ಹಂತಕ್ಕೆ ಇಬ್ಬರೂ ಹೂಂ ಅಂದಿದ್ದರು. 10ರಂದು ಗುಂಡಿನ ಸದ್ದು ನಿಂತಿತು. 13ರಂದು ಜೀವಂತವಿದ್ದ 20 ಒತ್ತೆಯಾಳುಗಳು ಮನೆಗೆ ಬಂದರು. ಇಸ್ರೇಲ್ ಸುಮಾರು 2,000 ಪ್ಯಾಲೆಸ್ಟೀನ್ ಕೈದಿಗಳನ್ನು ಬಿಟ್ಟಿತು.

ಅದೇ ದಿನ ನಾಲ್ಕು ನಾಯಕರು ಸಹಿ ಹಾಕಿದ ಕಾಗದ ಬೇರೆ. ಅದು ಮಧ್ಯಸ್ಥರು ತಮ್ಮ ಮೇಲೆ ತಾವೇ ಹಾಕಿಕೊಂಡ ಹೊಣೆ. "ಈ ರಾಜಿಗೆ ನಾವು ಜಾಮೀನು" ಅನ್ನುವ ಹಾಗೆ. ಸಾಲ ತೆಗೆದುಕೊಂಡವನ ಸಹಿಗಿಂತ ಜಾಮೀನುದಾರನ ಸಹಿಗೆ ಬ್ಯಾಂಕಿನವರು ಜಾಸ್ತಿ ಬೆಲೆ ಕೊಡುತ್ತಾರೆ ಅಲ್ವಾ? ಇಲ್ಲೂ ಲೆಕ್ಕ ಅದೇ.

ಟವೆಲ್ ಕೆಳಗಿನ ವ್ಯವಹಾರ

ಹಾವೇರಿಯ ದನದ ಸಂತೆ ನೋಡಿದವರಿಗೆ ಈ ಮಾತುಕತೆ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಎತ್ತು ಮಾರುವವನೂ ಕೊಳ್ಳುವವನೂ ಬಾಯಿಬಿಟ್ಟು ದರ ಹೇಳುವುದಿಲ್ಲ. ನಡುವೆ ದಲಾಲಿ ನಿಲ್ಲುತ್ತಾನೆ. ಟವೆಲ್ ಕೆಳಗೆ ಕೈ ಹಾಕಿ, ಬೆರಳು ಒತ್ತಿ ಲೆಕ್ಕ ಮುಗಿಸುತ್ತಾನೆ. ಇದರಿಂದ ಒಂದು ಅನುಕೂಲ ಇದೆ. ದರ ಇಳಿಸಿದವನಿಗೆ ಹತ್ತು ಜನರ ಮುಂದೆ ಸೋತೆ ಅನ್ನಿಸುವುದಿಲ್ಲ. ವ್ಯವಹಾರ ಕುದುರದಿದ್ದರೂ ಯಾರ ಮಾನವೂ ಹೋಗುವುದಿಲ್ಲ.

ಹಮಾಸ್ ಅನ್ನು ಇಸ್ರೇಲ್ ಭಯೋತ್ಪಾದಕ ಸಂಘಟನೆ ಎನ್ನುತ್ತದೆ. ಅಮೆರಿಕ, ಯುರೋಪಿನ ಪಟ್ಟಿಯಲ್ಲೂ ಅದು ಹಾಗೇ ಇದೆ. ಹಮಾಸ್ ಇಸ್ರೇಲನ್ನು ದೇಶವೆಂದೇ ಒಪ್ಪುವುದಿಲ್ಲ. 2023ರ ಅಕ್ಟೋಬರ್ 7ರ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾದರು. ಆಮೇಲಿನ ಎರಡು ವರ್ಷದಲ್ಲಿ ಗಾಜಾದಲ್ಲಿ 67,000ಕ್ಕೂ ಹೆಚ್ಚು ಜನ ಸತ್ತರು ಎಂದು ಅಲ್ಲಿನ ಆರೋಗ್ಯ ಸಚಿವಾಲಯ ಹೇಳುತ್ತದೆ. ಇಷ್ಟೆಲ್ಲ ಆದ ಮೇಲೆ ಎದುರಾ ಬದರು ಕುಳಿತು ಮಾತಾಡುವುದು ಎರಡೂ ಕಡೆಯ ನಾಯಕರಿಗೆ ಅವರವರ ಮಂದಿಯ ಮುಂದೆ ದೊಡ್ಡ ಅಪಾಯ. ಹಾಗಾಗಿ ಒಬ್ಬರು ಒಂದು ಕೋಣೆಯಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ. ಚೀಟಿ ಹಿಡಿದು ಓಡಾಡುವವರು ಮಧ್ಯಸ್ಥರು.

ದಲಾಲಿ ಇಬ್ಬರಿಗೂ ಸೇರದವನಾಗಿರಬೇಕು ಎಂಬ ನಿಯಮ ಸಂತೆಯಲ್ಲಿ ಇಲ್ಲ. ಇಬ್ಬರಿಗೂ ಬೇಕಾದವನಾಗಿದ್ದರೆ ಸಾಕು. ಕತಾರ್, ಈಜಿಪ್ಟ್ ಎರಡೂ ನಿಷ್ಪಕ್ಷಪಾತಿಗಳಲ್ಲ. ಇಬ್ಬರಿಗೂ ಸ್ವಂತ ಗರಜು ಇದೆ. ಆ ಗರಜಿನಿಂದಲೇ ಅವು ಈ ಕೆಲಸ ಬಿಟ್ಟು ಎದ್ದು ಹೋಗುತ್ತಿಲ್ಲ.

ಕತಾರ್: ಎರಡೂ ಮನೆಯ ಕೀಲಿ

ಕತಾರ್ ಚಿಕ್ಕ ದೇಶ. ಅಲ್ಲಿನ ಮೂಲ ನಾಗರಿಕರಿಗಿಂತ ಅಲ್ಲಿರುವ ಭಾರತೀಯರೇ ಜಾಸ್ತಿ. ನಮ್ಮವರು 8 ಲಕ್ಷದ ಆಸುಪಾಸು ಇದ್ದಾರೆ. ನೆಲದಡಿ ಅಪಾರ ಗ್ಯಾಸ್ ಇದೆ, ಕಾವಲಿಗೆ ದೊಡ್ಡ ಸೈನ್ಯ ಇಲ್ಲ. ಒಂದು ಪಕ್ಕದಲ್ಲಿ ಸೌದಿ, ಇನ್ನೊಂದು ಪಕ್ಕದಲ್ಲಿ ಇರಾನ್. ಇಂಥ ದೇಶ ಉಳಿಯಬೇಕೆಂದರೆ ಎಲ್ಲರಿಗೂ ಬೇಕಾಗಿರಬೇಕು. ಅಮೆರಿಕದ ಸೈನ್ಯಕ್ಕೆ ಅದು ಅಲ್ ಉದೈದ್ ವಾಯುನೆಲೆ ಕೊಟ್ಟಿದೆ. ಆ ಭಾಗದಲ್ಲಿ ಅಮೆರಿಕದ ಅತಿ ದೊಡ್ಡ ನೆಲೆ ಅದೇ. ಸುಮಾರು 10,000 ಸೈನಿಕರು ಇರುತ್ತಾರೆ. ಅದೇ ಕತಾರಿನ ರಾಜಧಾನಿ ದೋಹಾದಲ್ಲಿ 2012ರಿಂದ ಹಮಾಸ್‌ನ ರಾಜಕೀಯ ಕಚೇರಿಯೂ ಇದೆ.

ಇದೇನು ಎರಡು ನಾಲಿಗೆ ಎಂದು ಕೇಳುವವರಿಗೆ ಕತಾರ್ ಕೊಡುವ ಉತ್ತರ ಒಂದೇ: ಮಾತಿಗೊಂದು ದಾರಿ ಇರಲಿ ಎಂದು ಅಮೆರಿಕವೇ ಕೇಳಿಕೊಂಡಿತ್ತು. 2018ರಿಂದ ಕತಾರ್ ಗಾಜಾಕ್ಕೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿತ್ತು. ಕೆಲವೊಮ್ಮೆ ಸೂಟ್‌ಕೇಸಿನಲ್ಲಿ ನಗದು. ಅದು ಹೋಗುತ್ತಿದ್ದದ್ದು ಇಸ್ರೇಲ್ ಸರ್ಕಾರದ ಒಪ್ಪಿಗೆಯಿಂದಲೇ. ಇಂದು ಇಸ್ರೇಲಿನಲ್ಲೇ ಇದರ ಬಗ್ಗೆ ಜೋರು ಜಗಳವಿದೆ.

ದೋಹಾಕ್ಕೆ ಈ ಕಸುಬು ಹೊಸದಲ್ಲ. 2008ರಲ್ಲಿ ಲೆಬನಾನಿನ ಪಕ್ಷಗಳ ರಾಜಿ ಅಲ್ಲೇ ಆಯಿತು. 2020ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದ್ದೂ ಅಲ್ಲೇ.

ಈಜಿಪ್ಟ್: ಬಾಗಿಲ ಕಾವಲುಗಾರ

ಕತಾರಿನ ಕೈಯಲ್ಲಿ ದುಡ್ಡಿದ್ದರೆ ಈಜಿಪ್ಟಿನ ಕೈಯಲ್ಲಿ ಗೇಟಿದೆ. ಗಾಜಾಕ್ಕೆ ಇಸ್ರೇಲ್ ಬಿಟ್ಟರೆ ನೆಲದ ಗಡಿ ಇರುವುದು ಈಜಿಪ್ಟಿನ ಜೊತೆ ಮಾತ್ರ. ಆ ಗಡಿಯ ಗೇಟು ರಫಾ. 1948ರಿಂದ 1967ರವರೆಗೆ ಗಾಜಾವನ್ನು ನೋಡಿಕೊಂಡದ್ದೇ ಈಜಿಪ್ಟ್. 1979ರಲ್ಲಿ ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ ಮೊದಲ ಅರಬ್ ದೇಶವೂ ಅದೇ. ಅದಕ್ಕೆ ಬೆಲೆಯನ್ನೂ ತೆತ್ತಿತು. ಅರಬ್ ಲೀಗ್‌ನಿಂದ ಹೊರಬಿತ್ತು. ಸಹಿ ಹಾಕಿದ ಅಧ್ಯಕ್ಷ ಸಾದತ್ 1981ರಲ್ಲಿ ಕೊಲೆಯಾದರು.

ಈಜಿಪ್ಟಿಗೆ ಎರಡು ಹೆದರಿಕೆ. ಒಂದು, ಗಾಜಾದ 20 ಲಕ್ಷ ಜನರನ್ನು ತನ್ನ ಸಿನಾಯ್ ಮರುಭೂಮಿಗೆ ತಳ್ಳಿಬಿಟ್ಟರೆ? ಹಾಗಾದರೆ ಪ್ಯಾಲೆಸ್ಟೀನ್ ಪ್ರಶ್ನೆ ತನ್ನ ಅಂಗಳಕ್ಕೆ ಬಂದು ಕೂರುತ್ತದೆ. ಅಲ್ಲಿಂದ ಯಾರಾದರೂ ಇಸ್ರೇಲಿನತ್ತ ರಾಕೆಟ್ ಬಿಟ್ಟರೆ 1979ರ ಒಪ್ಪಂದವೇ ಮುರಿಯುತ್ತದೆ. ಅದಕ್ಕೇ 2025ರ ಮಾರ್ಚ್‌ನಲ್ಲಿ, ಜನರನ್ನು ಕದಲಿಸದೆ ಗಾಜಾ ಕಟ್ಟುವ 53 ಬಿಲಿಯನ್ ಡಾಲರ್ ಯೋಜನೆಯನ್ನು ಅರಬ್ ದೇಶಗಳ ಮುಂದಿಟ್ಟಿತು. ಗಾಜಾವನ್ನು ಖಾಲಿ ಮಾಡಿಸಿ ಕಡಲತೀರದ ರೆಸಾರ್ಟ್ ಮಾಡುವ ಟ್ರಂಪ್ ಮಾತಿಗೆ ಕೊಟ್ಟ ಉತ್ತರ ಅದು.

ಎರಡನೆಯದು, ಕೆಂಪು ಸಮುದ್ರದಿಂದ ಯುರೋಪಿನ ಕಡೆ ಹಡಗು ದಾಟಿಸುವ ತನ್ನ ಸುಯೆಜ್ ಕಾಲುವೆಯ ಆದಾಯ. ಗಾಜಾ ಯುದ್ಧದ ನೆಪದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರು 2023ರ ನವೆಂಬರ್‌ನಿಂದ ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಮಾಡಿದರು. ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. 2023ರಲ್ಲಿ 10 ಬಿಲಿಯನ್ ಡಾಲರ್ ದಾಟಿದ್ದ ಕಾಲುವೆಯ ಆದಾಯ 2024ರಲ್ಲಿ 4 ಬಿಲಿಯನ್‌ಗೆ ಕುಸಿಯಿತು. ಮೊದಲೇ ಸಾಲದಲ್ಲಿರುವ ದೇಶಕ್ಕೆ ಇದು ಹೊಟ್ಟೆಯ ಮೇಲಿನ ಹೊಡೆತ. ಯುದ್ಧ ನಿಲ್ಲುವುದು ಕೈರೋಗೆ ಪುಣ್ಯದ ಕೆಲಸ ಅಷ್ಟೇ ಅಲ್ಲ, ಖಜಾನೆಯ ಕೆಲಸವೂ ಹೌದು.

ಮುಖ ನೋಡದ ಇಬ್ಬರು ಜೋಡಿಯಾದದ್ದು

ಇಂದು ಜೊತೆ ಜೊತೆಯಾಗಿ ಹೇಳಿಕೆ ಕೊಡುವ ಈ ಎರಡು ದೇಶಗಳು ಕೆಲವು ವರ್ಷಗಳ ಹಿಂದೆ ಮಾತು ಬಿಟ್ಟಿದ್ದವು. 2013ರಲ್ಲಿ ಸಿಸಿ ನೇತೃತ್ವದ ಈಜಿಪ್ಟಿನ ಸೈನ್ಯ, ಮುಸ್ಲಿಂ ಬ್ರದರ್‌ಹುಡ್ ಎಂಬ ಇಸ್ಲಾಮಿ ಸಂಘಟನೆಗೆ ಸೇರಿದ್ದ ದೇಶದ ಅಧ್ಯಕ್ಷ ಮೊರ್ಸಿಯನ್ನು ಇಳಿಸಿತು. ಕತಾರ್ ಮೊರ್ಸಿಯ ಬೆನ್ನಿಗಿತ್ತು. ಹಮಾಸ್ ಹುಟ್ಟಿದ್ದು ಬ್ರದರ್‌ಹುಡ್‌ನ ಕೊಂಬೆಯಾಗಿ. ಹಾಗಾಗಿ ಸಿಸಿಗೆ ಕತಾರಿನ ಮೇಲೂ ಸಿಟ್ಟು, ಹಮಾಸ್ ಮೇಲೂ ಅನುಮಾನ. 2017ರ ಜೂನ್‌ನಲ್ಲಿ ಸೌದಿ, ಎಮಿರೇಟ್ಸ್, ಬಹರೈನ್ ಜೊತೆ ಈಜಿಪ್ಟ್ ಕೂಡ ಕತಾರಿಗೆ ಬಹಿಷ್ಕಾರ ಹಾಕಿತು. ವಿಮಾನಕ್ಕೆ ಆಕಾಶವೂ ಬಂದ್. ಅಲ್ ಜಜೀರಾ ಚಾನೆಲ್ ಮುಚ್ಚಬೇಕು ಎಂಬುದು ಅವರ 13 ಷರತ್ತುಗಳಲ್ಲಿ ಒಂದು. ಕತಾರ್ ಮಣಿಯಲಿಲ್ಲ. 2021ರ ಜನವರಿಯಲ್ಲಿ ಸೌದಿಯ ಅಲ್ ಉಲಾದಲ್ಲಿ ರಾಜಿಯಾಯಿತು.

ಅದೇ ವರ್ಷ ಮೇ ತಿಂಗಳಲ್ಲಿ ಗಾಜಾದಲ್ಲಿ 11 ದಿನದ ಯುದ್ಧ ನಡೆಯಿತು. ಅದನ್ನು ನಿಲ್ಲಿಸಿದ್ದರಲ್ಲಿ ದೊಡ್ಡ ಪಾಲು ಈಜಿಪ್ಟಿನದು. ಆದರೆ ನಿಲ್ಲಿಸಿದ ಮೇಲೆ ಗಾಜಾ ನಡೆಸುವ ದುಡ್ಡು ಕೈರೋ ಹತ್ತಿರ ಇರಲಿಲ್ಲ. ಕತಾರ್ ಹತ್ತಿರ ದುಡ್ಡಿತ್ತು, ದಾರಿ ಇರಲಿಲ್ಲ. ನವೆಂಬರ್ ಹೊತ್ತಿಗೆ ಎರಡೂ ಸೇರಿ ಗಾಜಾಕ್ಕೆ ಇಂಧನ, ಕಟ್ಟಡ ಸಾಮಾನು ಕಳಿಸುವ ಒಪ್ಪಂದ ಮಾಡಿಕೊಂಡವು. ಗೆಳೆತನಕ್ಕಿಂತ ಲೆಕ್ಕಾಚಾರವೇ ಅವರನ್ನು ಹತ್ತಿರ ತಂದಿತು. 2025ರ ನವೆಂಬರ್‌ನಲ್ಲಿ ಈಜಿಪ್ಟಿನ ಮೆಡಿಟರೇನಿಯನ್ ದಂಡೆಯಲ್ಲಿ ಸುಮಾರು 30 ಬಿಲಿಯನ್ ಡಾಲರ್‌ನ ಊರು ಕಟ್ಟಲು ಕತಾರಿನ ಕಂಪನಿ ಸಹಿ ಹಾಕಿದೆ. ಇಷ್ಟು ದುಡ್ಡು ಹೂಡಿದ ಮೇಲೆ ಮತ್ತೆ ಮುನಿಸಿಕೊಳ್ಳುವುದು ಇಬ್ಬರಿಗೂ ದುಬಾರಿ.

ಕೆಲಸದ ಹಂಚಿಕೆಯೂ ತಾನಾಗೇ ಆಯಿತು. ದೋಹಾದಲ್ಲಿರುವ ಹಮಾಸ್ ನಾಯಕರ ಜೊತೆ ಮಾತು ಕತಾರಿನದು. ಗಡಿ, ಸುರಂಗ, ಗಾಜಾದ ಒಳಗಿನ ಬಣಗಳ ವಿಷಯ ಈಜಿಪ್ಟಿನ ಗುಪ್ತಚರ ಇಲಾಖೆಯದು. ಇಸ್ರೇಲಿನ ಸೈನ್ಯ ಮತ್ತು ಗುಪ್ತಚರರ ಜೊತೆ ಈಜಿಪ್ಟಿಗೆ 40 ವರ್ಷದ ಬಳಕೆ ಇದೆ. ಕತಾರಿಗೂ ಇಸ್ರೇಲಿಗೂ ರಾಯಭಾರ ಸಂಬಂಧವೇ ಇಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಆದರೂ ಹೆಸರು ಯಾರಿಗೆ ಬರಬೇಕು ಎಂಬ ಒಳಗಿನ ಪೈಪೋಟಿ ಪೂರ್ತಿ ಹೋಗಿಲ್ಲ.

ಜನವರಿಯ ಒಪ್ಪಂದ ಮುರಿದದ್ದು ಯಾಕೆ

ಅಕ್ಟೋಬರಿನ ಒಪ್ಪಂದ ತಿಳಿಯಬೇಕಾದರೆ ಅದೇ ವರ್ಷದ ಜನವರಿಗೆ ಹೋಗಬೇಕು. ಆಗಲೂ ಕತಾರ್, ಈಜಿಪ್ಟ್, ಅಮೆರಿಕ ಸೇರಿ ಒಂದು ರಾಜಿ ಮಾಡಿಸಿದ್ದವು. ಜನವರಿ 19ರಿಂದ ಜಾರಿ. ಮೊದಲ ಹಂತ 42 ದಿನ, 33 ಒತ್ತೆಯಾಳುಗಳ ಬಿಡುಗಡೆ. ಹದಿನಾರನೇ ದಿನ ಎರಡನೇ ಹಂತದ ಮಾತುಕತೆ ಶುರುವಾಗಬೇಕಿತ್ತು.

ಶುರುವಾಗಲೇ ಇಲ್ಲ. ಕಾರಣ ಕಷ್ಟದ್ದೇನಲ್ಲ. ಮೊದಲ ಹಂತದಲ್ಲಿ ಸುಲಭದ್ದನ್ನು ಇಟ್ಟಿದ್ದರು, ಕಷ್ಟದ್ದನ್ನೆಲ್ಲ ಎರಡನೆಯದಕ್ಕೆ ತಳ್ಳಿದ್ದರು. ಇಸ್ರೇಲ್ ಪೂರ್ತಿ ಹಿಂದೆ ಸರಿಯಬೇಕಾ? ಹಮಾಸ್ ಆಯುಧ ಕೆಳಗಿಡಬೇಕಾ? ಯುದ್ಧ ಶಾಶ್ವತವಾಗಿ ಮುಗಿಯಿತಾ? ಎರಡೂ ಕಡೆಯವರಿಗೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಬೇಕಿರಲಿಲ್ಲ. ಮಾರ್ಚ್ 2ರಂದು ಇಸ್ರೇಲ್ ನೆರವಿನ ಲಾರಿಗಳನ್ನು ತಡೆಯಿತು. 18ರಂದು ಬಾಂಬ್ ಹಾಕಿತು. ಒಂದೇ ದಿನ 400ಕ್ಕೂ ಹೆಚ್ಚು ಜನ ಸತ್ತರೆಂದು ಗಾಜಾದ ಆರೋಗ್ಯ ಸಚಿವಾಲಯ ಹೇಳಿತು. ಉಳಿದ ಒತ್ತೆಯಾಳುಗಳನ್ನು ಬಿಡಲು ಹಮಾಸ್ ಒಪ್ಪಲಿಲ್ಲ ಎಂಬುದು ಇಸ್ರೇಲಿನ ವಾದ. ಒಪ್ಪಿದ ಕಾಗದವನ್ನು ಇಸ್ರೇಲೇ ಹರಿಯಿತು ಎಂಬುದು ಹಮಾಸ್ ವಾದ.

ಮಧ್ಯಸ್ಥರು ಖಂಡಿಸಿದರು. ಅದಕ್ಕಿಂತ ಮುಂದೆ ಅವರಿಂದ ಏನೂ ಆಗಲಿಲ್ಲ. ಮಾತುಕತೆ ಕೂಡಿಸುವ ಶಕ್ತಿ ಅವರಿಗಿತ್ತು, ಮಾತು ತಪ್ಪಿದವನನ್ನು ತಡೆಯುವ ಶಕ್ತಿ ಇರಲಿಲ್ಲ.

ಮಹದಾಯಿಯ ಕಥೆ ಗೊತ್ತಿರುವ ನವಲಗುಂದ, ನರಗುಂದದ ಓದುಗರಿಗೆ ಕಾಗದಕ್ಕೂ ಕಾಲುವೆಗೂ ನಡುವಿನ ದೂರ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಬರೆದುಕೊಟ್ಟಿತು. 2020ರಲ್ಲಿ ಗೆಜೆಟ್‌ನಲ್ಲೂ ಬಂತು. ನೀರು ಇನ್ನೂ ಮಲಪ್ರಭೆಗೆ ಬಂದಿಲ್ಲ. ಒಂದೇ ದೇಶದೊಳಗೆ, ಕಾನೂನಿನ ಬಲವಿರುವ ತೀರ್ಪಿಗೇ ಈ ಪಾಡು. ಕಾನೂನಿನ ಬಲವೂ ಇಲ್ಲದ ಮಧ್ಯಸ್ಥರ ಮಾತಿಗೆ ಎಷ್ಟು ತೂಕ, ನೀವೇ ಲೆಕ್ಕ ಹಾಕಿ.

ದೋಹಾ ಮೇಲೆ ಬಿದ್ದ ಬಾಂಬು

2025ರ ಸೆಪ್ಟೆಂಬರ್ 9ರಂದು ಯಾರೂ ನೆನೆಸದ್ದು ನಡೆಯಿತು. ಅಮೆರಿಕದ ಪ್ರಸ್ತಾಪವನ್ನು ಚರ್ಚಿಸಲು ದೋಹಾದಲ್ಲಿ ಸೇರಿದ್ದ ಹಮಾಸ್ ನಾಯಕರ ಮೇಲೆ ಇಸ್ರೇಲ್ ವಿಮಾನ ದಾಳಿ ಮಾಡಿತು. ಮುಖ್ಯ ನಾಯಕರು ಬದುಕಿದರು. ಹಮಾಸ್‌ನ ಐವರು ಮತ್ತು ಕತಾರಿನ ಒಬ್ಬ ಭದ್ರತಾ ಸಿಬ್ಬಂದಿ ಸತ್ತರು. ರಾಜಿ ಮಾಡಿಸುವವನ ಮನೆಗೇ ಕಲ್ಲು ಬಿದ್ದ ಹಾಗಾಯಿತು.

ಇಲ್ಲಿಗೆ ಮಾತುಕತೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಆದದ್ದು ಉಲ್ಟಾ. ಅಮೆರಿಕದ ಸೈನ್ಯ ಇಟ್ಟುಕೊಂಡ ದೇಶದ ಮೇಲೇ ಬಾಂಬ್ ಬಿದ್ದರೆ, ಅಮೆರಿಕದ ಗೆಳೆತನಕ್ಕೆ ಏನು ಬೆಲೆ ಎಂದು ಕೊಲ್ಲಿಯ ದೇಶಗಳೆಲ್ಲ ಕೇಳತೊಡಗಿದವು. ಟ್ರಂಪ್‌ಗೆ ಮುಜುಗರ. ಸೆಪ್ಟೆಂಬರ್ 29ರಂದು ಶ್ವೇತಭವನದಿಂದಲೇ ಇಸ್ರೇಲ್ ಪ್ರಧಾನಿ ನೆತನ್ಯಾಹು ಕತಾರಿನ ಪ್ರಧಾನಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ಅದೇ ದಿನ ಗಾಜಾ ಯುದ್ಧ ನಿಲ್ಲಿಸುವ ಟ್ರಂಪ್‌ರ 20 ಅಂಶದ ಯೋಜನೆ ಹೊರಬಂತು. ಎರಡು ದಿನದಲ್ಲಿ ಕತಾರಿನ ರಕ್ಷಣೆಗೆ ಅಮೆರಿಕ ಬದ್ಧ ಎಂಬ ಆದೇಶಕ್ಕೂ ಟ್ರಂಪ್ ಸಹಿ ಹಾಕಿದರು. ಜನವರಿಯಲ್ಲಿ ಇಸ್ರೇಲಿನ ಮೇಲೆ ಇಲ್ಲದ ಒತ್ತಡ ಅಕ್ಟೋಬರಿನಲ್ಲಿ ಬಂದದ್ದು ಹೀಗೆ. ಹಮಾಸ್ ಮೇಲೆ ಒತ್ತಡ ಹಾಕಲು ಟರ್ಕಿಯೂ ಜೊತೆಗೂಡಿತು. ಎರಡಿದ್ದ ಕೈಗಳು ಮೂರಾದವು.

ಆಕ್ಷೇಪಗಳೂ ಗಟ್ಟಿಯಾಗಿಯೇ ಇವೆ

ಇಸ್ರೇಲಿನ ಬಹಳ ಜನ ಕತಾರನ್ನು ಮಧ್ಯಸ್ಥ ಎಂದು ಒಪ್ಪುವುದಿಲ್ಲ. ಹಮಾಸ್‌ಗೆ ಮನೆ ಕೊಟ್ಟವನು, ದುಡ್ಡು ಕೊಟ್ಟವನು ಎಂಬುದು ಅವರ ದೂರು. ಇದರಲ್ಲಿ ಸತ್ಯ ಇದೆ. ಆದರೆ ಹಮಾಸ್ ಜೊತೆ ನಂಟಿಲ್ಲದ ದೇಶ ಹಮಾಸ್‌ನಿಂದ ಒತ್ತೆಯಾಳು ಬಿಡಿಸುವುದು ಹೇಗೆ ಎಂಬ ಪ್ರಶ್ನೆಗೆ ಅವರಲ್ಲೂ ಉತ್ತರವಿಲ್ಲ.

ಪ್ಯಾಲೆಸ್ಟೀನಿಯರ ಕಡೆಯ ಆಕ್ಷೇಪ ನನಗೆ ಇನ್ನೂ ತೂಕದ್ದು ಅನ್ನಿಸುತ್ತದೆ. ಗಾಜಾದ ನಾಳೆಯನ್ನು ಗಾಜಾದವರನ್ನು ಬಿಟ್ಟು ಎಲ್ಲರೂ ತೀರ್ಮಾನಿಸುತ್ತಿದ್ದಾರೆ ಎಂಬುದು ಅದು. ನವೆಂಬರ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 13–0 ಮತದಿಂದ ಈ ಯೋಜನೆಗೆ ಮುದ್ರೆ ಒತ್ತಿತು. ರಷ್ಯಾ, ಚೀನಾ ಮತ ಹಾಕದೆ ಉಳಿದವು. ಅದರ ಪ್ರಕಾರ ಗಾಜಾದ ಮೇಲ್ವಿಚಾರಣೆ ಟ್ರಂಪ್ ಅಧ್ಯಕ್ಷತೆಯ ಮಂಡಳಿಗೆ. ಪ್ಯಾಲೆಸ್ಟೀನ್ ದೇಶದ ಮಾತು ಅದರಲ್ಲಿ ಇದೆ, ಆದರೆ ದೂರದ ದೀಪದ ಹಾಗೆ.

ಭಾರತದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಗಾಜಾ ಶಾಂತಿಯನ್ನು ನಾವು ಸ್ವಾಗತಿಸಿದೆವು, ಶರ್ಮ್ ಎಲ್ ಶೇಖ್‌ಗೆ ವಿದೇಶಾಂಗ ರಾಜ್ಯ ಸಚಿವರನ್ನೂ ಕಳಿಸಿದೆವು. ಆದರೆ 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಕದನ ನಿಲ್ಲಿಸಿದ್ದು ನಾನೇ ಎಂದು ಟ್ರಂಪ್ ಹೇಳಿದರೆ ಒಪ್ಪುವುದಿಲ್ಲ. ಇದರಲ್ಲಿ ಗೊಂದಲ ಬೇಡ. 1972ರ ಸಿಮ್ಲಾ ಒಪ್ಪಂದದಿಂದ ಈಚೆಗೆ ನಮ್ಮ ಜಗಳ ನಾವೇ ಇಬ್ಬರೂ ಕುಳಿತು ಬಗೆಹರಿಸುತ್ತೇವೆ ಎಂಬುದು ದೆಹಲಿಯ ನಿಲುವು. ಪಂಚರು ಬೇಕು ಎಂದು ಸಾಮಾನ್ಯವಾಗಿ ಬಲ ಕಡಿಮೆ ಇರುವ ಕಡೆಯವರೇ ಕೇಳುತ್ತಾರೆ.

ಬ್ಯಾಡಗಿಗೂ ರಫಾಕ್ಕೂ ಏನು ಸಂಬಂಧ

ನೇರ ಗೆರೆ ಎಳೆದರೆ ತಪ್ಪಾಗುತ್ತದೆ. ಮೆಣಸಿನಕಾಯಿ ದರ ಬಿದ್ದಾಗಲೆಲ್ಲ ಯುದ್ಧದ ಕಡೆ ಬೆರಳು ತೋರಿಸುವುದು ಸುಮ್ನೆ ಸುಲಭದ ಮಾತು. ದರಕ್ಕೆ ಮೊದಲ ಕಾರಣಗಳು ಆ ವರ್ಷದ ಬೆಳೆ, ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ಹಳೇ ಮಾಲು, ಬೇರೆ ರಾಜ್ಯದ ತಳಿಗಳು. ಆದರೆ ಬ್ಯಾಡಗಿ ಕಾಯಿಯಿಂದ ತೆಗೆದ ಬಣ್ಣ, ಅಂದರೆ ಓಲಿಯೊರೆಸಿನ್, ಯುರೋಪಿಗೂ ಹೋಗುತ್ತದೆ. ಯುರೋಪಿಗೆ ಹತ್ತಿರದ ದಾರಿ ಸುಯೆಜ್. ಆಫ್ರಿಕಾ ಸುತ್ತಿದರೆ ಹತ್ತು ಹದಿನಾಲ್ಕು ದಿನ ಹೆಚ್ಚು, ಬಾಡಿಗೆ ಹೆಚ್ಚು, ವಿಮೆ ಹೆಚ್ಚು. ಆ ಖರ್ಚನ್ನು ರಫ್ತುದಾರ ತನ್ನ ಜೇಬಿನಿಂದಷ್ಟೇ ಕೊಡುವುದಿಲ್ಲ.

ಗೊಬ್ಬರದ್ದು ಇನ್ನೂ ಸೂಕ್ಷ್ಮ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತದ್ದು ಈ ಭಾಗ ಮರೆತಿಲ್ಲ. ಡಿಎಪಿ ಹಡಗುಗಳು ಕೆಂಪು ಸಮುದ್ರ ಬಿಟ್ಟು ಸುತ್ತಿ ಬರಬೇಕಾಗಿದೆ ಎಂದು 2024ರಲ್ಲಿ ಕೇಂದ್ರ ಸರ್ಕಾರವೇ ಹೇಳಿತ್ತು. ಯೂರಿಯಾದ ದಾರಿ ಬೇರೆ. ಅದನ್ನು ಮಾಡುವುದು ನೈಸರ್ಗಿಕ ಅನಿಲದಿಂದ. ನಮಗೆ ಹಡಗಿನಲ್ಲಿ ಬರುವ ಅನಿಲದಲ್ಲಿ ದೊಡ್ಡ ಪಾಲು ಕತಾರಿನದು. 2028ರಿಂದ ಇನ್ನೂ 20 ವರ್ಷ, ವರ್ಷಕ್ಕೆ 75 ಲಕ್ಷ ಟನ್ ಕೊಳ್ಳುವ ಕರಾರು 2024ರಲ್ಲೇ ಆಗಿದೆ. ಈ ಅನಿಲ ಬರುವುದು ಹೋರ್ಮುಜ್ ಜಲಸಂಧಿಯಿಂದ. 2025ರ ಜೂನ್‌ನಲ್ಲಿ ಇರಾನ್ ಕ್ಷಿಪಣಿಗಳು ಅಲ್ ಉದೈದ್ ನೆಲೆಯತ್ತ ಹಾರಿದಾಗ ಆ ದಾರಿಯ ಭಯ ಎಲ್ಲರಿಗೂ ಗೊತ್ತಾಯಿತು.

ಆ ಮುಂಗಾರಿನಲ್ಲಿ ಗದಗ, ಹಾವೇರಿ ಕಡೆ ಯೂರಿಯಾಕ್ಕೆ ಸಾಲು ಹಚ್ಚಿದ್ದಕ್ಕೆ ಮುಂಚೆ ಬಂದ ಮಳೆ, ಹೆಚ್ಚಿದ ಗೋವಿನಜೋಳ, ಕಡಿಮೆ ಬಂದ ಸರಬರಾಜು ಎಲ್ಲವೂ ಕಾರಣ. ಯುದ್ಧವೊಂದೇ ಕಾರಣ ಅಲ್ಲ. ಆದರೆ ಮೊದಲೇ ಬಿಗಿಯಾದ ಹಗ್ಗಕ್ಕೆ ಇನ್ನೊಂದು ಎಳೆತ ಬಿದ್ದರೆ ಏನಾಗುತ್ತದೆ ಎಂಬುದು ಗೊಬ್ಬರದ ಅಂಗಡಿಯ ಮುಂದೆ ನಿಂತವರಿಗೆ ಗೊತ್ತು.

ಗಂಟು ಎಲ್ಲಿ ಉಳಿಯಿತು

2025ರ ಕೊನೆಗೆ, ಜನವರಿಯಲ್ಲಿ ಎಡವಿದ ಕಲ್ಲೇ ಮತ್ತೆ ಕಾಲಿಗೆ ಸಿಕ್ಕಿತು. ಹಮಾಸ್ ಆಯುಧ ಕೆಳಗಿಡಬೇಕು, ಆಮೇಲೆ ನಾವು ಹಿಂದೆ ಸರಿಯುತ್ತೇವೆ ಎನ್ನುತ್ತದೆ ಇಸ್ರೇಲ್. ಮೊದಲು ನೀವು ಸರಿಯಿರಿ ಎನ್ನುತ್ತದೆ ಹಮಾಸ್. ಕದನವಿರಾಮದಲ್ಲಿ ಇಸ್ರೇಲ್ ಸೈನ್ಯ ಹಿಂದೆ ಸರಿದು ನಿಂತ ಗಡಿಗೆ ಹಳದಿ ಗೆರೆ ಎಂದು ಹೆಸರು; ಅದರ ಆಚೆ, ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಆಗ ಆ ಸೈನ್ಯದ ಕೈಯಲ್ಲಿತ್ತು. ಕದನವಿರಾಮದ ನಂತರವೂ ದಾಳಿ, ಸಾವು ನಿಂತಿರಲಿಲ್ಲ. ಅಂತರರಾಷ್ಟ್ರೀಯ ಪಡೆ ಬರಬೇಕು ಎಂದು ಕಾಗದದಲ್ಲಿದೆ. ಹಮಾಸ್‌ನ ಕೈಯಿಂದ ಬಂದೂಕು ಕಸಿಯುವ ಕೆಲಸಕ್ಕೆ ತಮ್ಮ ಹುಡುಗರನ್ನು ಕಳಿಸಲು ಆಗ ಮುಂದೆ ಬಂದ ದೇಶಗಳೇ ಕಡಿಮೆ. ಇದುವರೆಗೆ ಆದದ್ದು ವಿರಾಮ ಮಾತ್ರ, ಇದನ್ನು ಕದನವಿರಾಮ ಎನ್ನಲಾಗದು ಎಂಬರ್ಥದ ಮಾತನ್ನು ಡಿಸೆಂಬರಿನಲ್ಲಿ ಕತಾರಿನ ಪ್ರಧಾನಿಯೇ ಆಡಿದರು.

ಜಾಮೀನು ನಿಂತವರ ಕಷ್ಟ ಈಗ ಶುರು. ಹಮಾಸ್ ಒಪ್ಪದಿದ್ದರೆ ಬೈಗುಳ ಕತಾರಿಗೆ. ಇಸ್ರೇಲ್ ಸರಿಯದಿದ್ದರೆ ಕೈರೋ ಮತ್ತು ದೋಹಾ ಹೋಗಿ ನಿಲ್ಲುವುದು ವಾಷಿಂಗ್ಟನ್ ಬಾಗಿಲಲ್ಲಿ. ಅಲ್ಲಿ ಆಸಕ್ತಿ ಕಡಿಮೆಯಾದ ದಿನ ಈ ಜೋಡಿಯ ಬಲವೂ ಅರ್ಧ ಆಗುತ್ತದೆ.

ರಫಾ ಗೇಟಿನ ಸುದ್ದಿಯನ್ನು ಗಮನಿಸುತ್ತಿರಿ. 2025ರ ಡಿಸೆಂಬರ್ ಆರಂಭದಲ್ಲಿ ಇಸ್ರೇಲ್ ಗೇಟು ತೆರೆಯುತ್ತೇನೆ ಎಂದಿತು, ಆದರೆ ಗಾಜಾದ ಜನ ಹೊರಗೆ ಹೋಗಲು ಮಾತ್ರ. ಈಜಿಪ್ಟ್ ಒಪ್ಪಲಿಲ್ಲ. ತೆರೆದರೆ ಹೋಗಲೂ ಬರಲೂ ಎರಡೂ ಕಡೆ ತೆರೆಯಬೇಕು ಎಂದಿತು. ಕತಾರ್ ಅದರ ಜೊತೆ ನಿಂತಿತು.